ಆಸ್ಪತ್ರೆಯಲ್ಲಿ ಮಲಗಿದ್ದ ಮಗುವನ್ನು ಗೈರುಹಾಜರು ಎಂದು ಬರೆಯಬೇಡಿ

ಮಕ್ಕಳ ಆಸ್ಪತ್ರೆಗಳನ್ನು ಮತ್ತು ಬೆಳವಣಿಗೆ ಥೆರಪಿ ಕೇಂದ್ರಗಳನ್ನು ನಡೆಸುವವರಿಗೆ ಬಹಿರಂಗ ಪತ್ರ

ಮಾನ್ಯರೇ,

ಅವಧಿಗೆ ಬಹಳ ಮುಂಚೆ, 27ನೇ ವಾರದಲ್ಲಿ ಹುಟ್ಟಿದ ಹೆಣ್ಣುಮಗುವಿನ ತಾಯಿ ನಾನು. ಮಗಳಿಗೆ ಈಗ ಎರಡು ವರ್ಷ ದಾಟಿದೆ. ಶ್ವಾಸಕೋಶ ದುರ್ಬಲ, ಬೇರೆ ಮಕ್ಕಳಿಗೆ ಮೂಗು ಸೋರಿ ಹೋಗುವ ನೆಗಡಿ ಇವಳನ್ನು ಆಕ್ಸಿಜನ್‌ವರೆಗೆ ಒಯ್ಯುತ್ತದೆ. ಹೊಟ್ಟೆಗೆ ಹೋಗುವುದರಲ್ಲಿ ಹೆಚ್ಚಿನ ಪಾಲು ಇವತ್ತಿಗೂ ಟ್ಯೂಬಿನಿಂದಲೇ. ಎರಡೂ ಕಾಲುಗಳಲ್ಲಿ ಬಿಗಿತವಿದೆ. ಹಾಗಾಗಿ ಕಾಲಿಗೆ ಫಿಸಿಯೋ, ಕೈಕೆಲಸಕ್ಕೆ ಆಕ್ಯುಪೇಶನಲ್ ಥೆರಪಿ, ನುಂಗುವುದಕ್ಕೂ ಮಾತಿಗೂ ಸೇರಿ ಸ್ಪೀಚ್ ಥೆರಪಿ ಕೊಡಿಸುತ್ತಿದ್ದೆವು. ಆ ಮೂರೂ ಈಗ ನಿಂತಿವೆ. ಅದೇ ಈ ಪತ್ರಕ್ಕೆ ಕಾರಣ.

ಕಳೆದ ಸಲ ನ್ಯುಮೋನಿಯಾ ಆಗಿ ಅವಳು ಆಸ್ಪತ್ರೆ ಸೇರಿದಳು. ಐಸಿಯು, ವಾರ್ಡು ಎಲ್ಲ ದಾಟಿ ಮನೆಗೆ ಬಂದ ಮೇಲೆ ಥೆರಪಿ ಕೇಂದ್ರಕ್ಕೆ ಫೋನ್ ಮಾಡಿದೆ. ಸತತವಾಗಿ ಗೈರಾಗಿದ್ದರಿಂದ ಅವಳ ಸ್ಲಾಟ್ ಬೇರೆಯವರಿಗೆ ಹೋಗಿದೆ, ಹೆಸರನ್ನು ಮತ್ತೆ ವೇಟಿಂಗ್ ಲಿಸ್ಟಿಗೆ ಹಾಕುತ್ತೇವೆ ಎಂದರು. ಆಸ್ಪತ್ರೆ ಸೇರಿದ ದಿನವೇ ನನ್ನ ಗಂಡ ಫೋನ್ ಮಾಡಿ ತಿಳಿಸಿದ್ದರು. ಅದನ್ನು ಹೇಳಿದಾಗ ಆ ಕಡೆಯ ಹುಡುಗಿ ಬೇಸರದಿಂದಲೇ, “ತಿಳಿಸಿದ್ದು ಇಲ್ಲಿ ನಮೂದಾಗಿದೆ ಮೇಡಂ, ಆದರೆ ಸಿಸ್ಟಮ್‌ನಲ್ಲಿ ಬಂದರು, ಬರಲಿಲ್ಲ ಅಂತ ಎರಡೇ ಇವೆ” ಎಂದಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಆ ಎರಡೇ ಆಯ್ಕೆಗಳನ್ನಿಟ್ಟು ನಿಯಮ ಮಾಡಿದವರೊಡನೆ ಮಾತಾಡಬೇಕಿತ್ತು. ಅವರು ಯಾವ ಕೌಂಟರಿನಲ್ಲೂ ಸಿಗುವುದಿಲ್ಲವಾದ್ದರಿಂದ ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಇಂಥ ನಿಯಮ ಯಾಕೆ ಬಂತು ಎಂಬುದು ನನಗೆ ಅರ್ಥವಾಗದ ಸಂಗತಿಯೇನಲ್ಲ. ಥೆರಪಿಸ್ಟ್‌ಗಳು ಕಡಿಮೆ, ಕಾಯುವ ಮಕ್ಕಳು ಹೆಚ್ಚು. ಹೇಳದೆ ಕೇಳದೆ ತಪ್ಪಿಸಿಕೊಳ್ಳುವವರಿಂದ ಒಂದೊಂದು ಗಂಟೆ ಹಾಳಾದಾಗಲೂ ಇನ್ನೊಂದು ಮಗುವಿಗೆ ನಷ್ಟ. ನಾನೂ ಆ ಲಿಸ್ಟಿನಲ್ಲಿ ಕಾದವಳೇ. ಆದರೆ ಇಷ್ಟು ಸಲ ತಪ್ಪಿದರೆ ಸ್ಲಾಟ್ ಹೋಯಿತು ಎಂಬ ನಿಯಮ ಯಾರನ್ನು ಹೊರಗೆ ಹಾಕುತ್ತಿದೆ ಎಂದು ನೀವು ಒಮ್ಮೆಯಾದರೂ ಲೆಕ್ಕ ತೆಗೆದು ನೋಡಿದ್ದೀರಾ? ಪದೇ ಪದೇ ತಪ್ಪುವುದು ಪದೇ ಪದೇ ಕಾಯಿಲೆ ಬೀಳುವ ಮಗು. ಪದೇ ಪದೇ ಕಾಯಿಲೆ ಬೀಳುವುದು ಶ್ವಾಸಕೋಶ, ಹೃದಯ, ಮಿದುಳಿಗೆ ಪೆಟ್ಟು ತಿಂದ ಮಗು. ಥೆರಪಿ ಎಲ್ಲರಿಗಿಂತ ಹೆಚ್ಚು ಬೇಕಾಗಿರುವುದೂ ಅದಕ್ಕೇ. ಅಶಿಸ್ತಿನ ತಂದೆತಾಯಿಗಳಿಗೆಂದು ಹೆಣೆದ ಬಲೆಯಲ್ಲಿ ಮೊದಲು ಸಿಕ್ಕಿಬೀಳುವುದು ಅತಿ ದುರ್ಬಲ ಮಕ್ಕಳು.

ಸ್ಲಾಟ್ ಹೋಗುವ ಹೊತ್ತಾದರೂ ಎಂಥದು! ಪುಟ್ಟ ಮಗು ಹಾಸಿಗೆ ಹಿಡಿದರೆ ಕಲಿತದ್ದನ್ನು ಬಹುಬೇಗ ಕಳೆದುಕೊಳ್ಳುತ್ತದೆ. ನಮ್ಮವಳು ಆಸ್ಪತ್ರೆಗೆ ಹೋಗುವಾಗ ಕೈ ಊರಿ ಕೂರುತ್ತಿದ್ದಳು. ಮರಳಿದಾಗ ಕತ್ತೂ ಒಂದು ಕಡೆಗೆ ವಾಲುತ್ತಿತ್ತು. ಮೂಗಿಗೆ ಆಕ್ಸಿಜನ್, ಕೈಗೆ ಡ್ರಿಪ್ ಇದ್ದಾಗ ಕಾಲಿನ ಸ್ಟ್ರೆಚ್‌ಗಳನ್ನು ಮಾಡಿಸುವುದು ಎಲ್ಲಿಂದ? ಮೀನಖಂಡ ಬಿಗಿದುಕೊಂಡು, ಹಿಮ್ಮಡಿ ನೆಲ ಮುಟ್ಟದೆ, ಕಾಲಿಗೆ ಆಧಾರವಾಗಿ ಕಟ್ಟುವ ಸ್ಪ್ಲಿಂಟ್ ಹಿಡಿಸದಾಯಿತು. ಡಿಸ್ಚಾರ್ಜ್ ಆದ ಮರುವಾರ ಥೆರಪಿಸ್ಟ್ ಕಣ್ಣು ಬಿದ್ದಿದ್ದರೆ ಎಷ್ಟೋ ಹಿಂದಕ್ಕೆ ಪಡೆಯಬಹುದಿತ್ತು. ಮಗುವಿಗೆ ಹೆಚ್ಚು ಸೆಷನ್ ಬೇಕಾದ ವಾರದಲ್ಲೇ ಅವಳ ಲೆಕ್ಕ ಸೊನ್ನೆಗಿಳಿಯಿತು.

ಸ್ಲಾಟಿನ ಜಗಳ ಇದರ ಮೇಲ್ಪದರ ಮಾತ್ರ. ಕೆಳಗೆ ಇನ್ನೊಂದು ಸಂಗತಿಯಿದೆ. ಕಾಯಿಲೆ ನೋಡುವವರು, ಬೆಳವಣಿಗೆ ನೋಡುವವರು ಎಂದು ನೀವು ಮಗುವನ್ನು ಎರಡು ಪಾಲು ಮಾಡಿಕೊಂಡಿದ್ದೀರಿ. ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿಯಲ್ಲಿ ತೂಕ, ಔಷಧಿ, ಆಕ್ಸಿಜನ್ ಪ್ರಮಾಣ, ರಕ್ತದ ವರದಿ ಪುಟಗಟ್ಟಲೆ ಇರುತ್ತವೆ. ಬೆಳವಣಿಗೆಯ ಬಗ್ಗೆ ಕೊನೆಗೆ ‘ಫಾಲೋಅಪ್ ಮಾಡಿಸುವುದು’ ಎಂಬ ಒಂದು ಸಾಲು. ಥೆರಪಿ ಕೇಂದ್ರದ ಫಾರ್ಮಿನಲ್ಲಿ ಕತ್ತು ನಿಂತದ್ದು ಯಾವಾಗ, ಮಗುಚಿಕೊಂಡದ್ದು ಯಾವಾಗ, ಅಂಬೆಗಾಲು ಯಾವಾಗ ಎಂಬ ಪ್ರಶ್ನೆಗಳಿರುತ್ತವೆ. ಉಸಿರಾಟದ ಯಂತ್ರದಲ್ಲಿ ಎಷ್ಟು ಕಾಲ ಇತ್ತು ಎಂಬುದಕ್ಕೆ ಜಾಗವಿಲ್ಲ. ಎರಡು ಕಾಗದಗಳ ನಡುವೆ ಓಡಾಡುವ ಸೇತುವೆ ಯಾರು? ಮೂರು ತಾಸಿಗೊಮ್ಮೆ ಎದ್ದು ಫೀಡ್ ಕೊಟ್ಟು ಅರೆನಿದ್ದೆಯಲ್ಲಿ ಬಂದು ಕೂತ ತಾಯಿ. ಹುಟ್ಟಿದಾಗಿನಿಂದ ನಡೆದುದನ್ನೆಲ್ಲ ಪ್ರತಿ ಹೊಸ ಮುಖದೆದುರು ಮೊದಲಿನಿಂದ ಹೇಳಬೇಕು. ಹೇಳಿ ಹೇಳಿ ನನಗೆ ಅದು ಪಾಠದ ಹಾಗೆ ಬಾಯಿಪಾಠವಾಗಿದೆ. ಅಳದೆ ಹೇಳುತ್ತೇನೆಂದು ಒಬ್ಬರು ನನ್ನನ್ನು ಗಟ್ಟಿ ಹೆಂಗಸು ಎಂದು ಹೊಗಳಿದ್ದೂ ಉಂಟು.

ವಯಸ್ಸಿನ ಲೆಕ್ಕವನ್ನೇ ನೋಡಿ. ಅವಧಿಗೆ ಮುಂಚೆ ಹುಟ್ಟಿದ ಮಗುವಿನ ಬೆಳವಣಿಗೆ ಅಳೆಯುವಾಗ, ಎಷ್ಟು ಮುಂಚೆ ಹುಟ್ಟಿತೋ ಅಷ್ಟನ್ನು ಕಳೆದು ನೋಡಬೇಕು. ಸಾಮಾನ್ಯವಾಗಿ ಎರಡು ವರ್ಷದವರೆಗೆ ಈ ಸರಿಪಡಿಸಿದ ವಯಸ್ಸನ್ನೇ ಬಳಸುತ್ತಾರೆ. ನಮ್ಮ ಮಗು 40 ವಾರದ ಬದಲು 27ಕ್ಕೇ ಬಂದವಳು, ಅಂದರೆ ಮೂರು ತಿಂಗಳು. ಮೊದಲ ಹುಟ್ಟುಹಬ್ಬದ ಹೊತ್ತಿಗೆ ಅವಳು ಲೆಕ್ಕಕ್ಕೆ ಒಂಬತ್ತು ತಿಂಗಳ ಕೂಸು. ಇದು ನಿಮ್ಮ ವಿದ್ಯಾರ್ಥಿಗಳಿಗೂ ಗೊತ್ತಿರುವ ವಿಷಯ. ಆದರೂ ಆ ತಿಂಗಳು ನಡೆದ ಮೌಲ್ಯಮಾಪನದಲ್ಲಿ ಒಂದು ವರ್ಷದ ಪಟ್ಟಿ ಹಿಡಿದು ಸಾಲಾಗಿ ಅಡ್ಡಗೆರೆ ಎಳೆದರು. ವಯಸ್ಸು ಕಳೆಯಬೇಕಲ್ಲವೇ ಎಂದು ನಾನು ಕೇಳಿದ್ದಕ್ಕೆ, ಫಾರ್ಮಿನಲ್ಲಿ ಆ ಕಾಲಮ್ ಇಲ್ಲ ಎಂದರು.

ಇದೇ ಲೆಕ್ಕವನ್ನು ಉಲ್ಟಾ ಬಳಸುವವರೂ ಇದ್ದಾರೆ, ಅದು ಇನ್ನೂ ದುಬಾರಿ. ಬಟ್ಟೆ ಬದಲಿಸುವಾಗ ಕಾಲುಗಳು ಕತ್ತರಿಯಂತೆ ಒಂದರ ಮೇಲೊಂದು ಬರುತ್ತವೆ, ಬಿಡಿಸಲು ಕಷ್ಟವಾಗುತ್ತದೆ ಎಂದು ನಾವು ಆರಂಭದಲ್ಲೇ ಹೇಳಿದ್ದೆವು. ಬೇಗ ಹುಟ್ಟಿದ ಮಗು, ನಿಧಾನವಾಗಿ ಸರಿಹೋಗುತ್ತದೆ, ಕಾಯಿರಿ ಎಂಬ ಉತ್ತರ ಬಂತು. ಅಂಥ ಬಿಗಿತ ಸೆರೆಬ್ರಲ್ ಪಾಲ್ಸಿಯ, ಅಂದರೆ ಎಳವೆಯಲ್ಲಿ ಮಿದುಳಿಗಾದ ಪೆಟ್ಟಿನಿಂದ ಮೈಕೈಯ ಚಲನೆ ಕೆಡುವ ಸ್ಥಿತಿಯ, ಲಕ್ಷಣವಿರಬಹುದು. ಅದನ್ನು ಒಂದರಿಂದ ಎರಡು ವರ್ಷದ ನಡುವೆ ಗುರುತಿಸುವುದು ಹಿಂದಿನ ರೂಢಿ. 2017ರಲ್ಲಿ ಸಂಶೋಧಕಿ ಅಯೋನಾ ನೊವಾಕ್ ಮತ್ತು ಜೊತೆಗಾರರ ಅಂತರರಾಷ್ಟ್ರೀಯ ತಂಡ, ಸರಿಪಡಿಸಿದ ವಯಸ್ಸು ಆರು ತಿಂಗಳಾಗುವ ಮುನ್ನವೇ ಅದನ್ನು ನಿಖರವಾಗಿ ಗುರುತಿಸಬಹುದು ಎಂದು ಪುರಾವೆ ಸಮೇತ ತೋರಿಸಿತು. ಅದಕ್ಕೆ ಬಳಸುವ ಸಾಧನಗಳಲ್ಲಿ ಒಂದು ಪ್ರೆಕ್ಟ್ಲ್ ವಿಧಾನ: ಅಂಗಾತ ಮಲಗಿ ತನ್ನಷ್ಟಕ್ಕೆ ಕೈಕಾಲು ಆಡಿಸುವ ಕೂಸನ್ನು ಕೆಲವು ನಿಮಿಷ ವಿಡಿಯೊ ಮಾಡಿ, ಮೂರರಿಂದ ಐದು ತಿಂಗಳ ನಡುವೆ ಕಾಣಬೇಕಾದ ಒಂದು ಬಗೆಯ ಸಣ್ಣ ಚಲನೆಗಳು ಇವೆಯೋ ಇಲ್ಲವೋ ಎಂದು ತರಬೇತಾದವರು ನೋಡುತ್ತಾರೆ. ಇನ್ನೊಂದು, ಹ್ಯಾಮರ್‌ಸ್ಮಿತ್ ಹೆಸರಿನ ನರಪರೀಕ್ಷೆ. ಅದಕ್ಕೂ ದುಬಾರಿ ಯಂತ್ರ ಬೇಡ. ಎನ್‌ಐಸಿಯುನಿಂದ, ಅಂದರೆ ನವಜಾತ ಶಿಶುಗಳ ಐಸಿಯುನಿಂದ, ಹೊರಬಿದ್ದ ಮಗುವಿನ ತಂದೆತಾಯಿಗೆ ‘ಕಾಯಿರಿ’ ಎನ್ನುವ ವೈದ್ಯರು, ಆ ಪರೀಕ್ಷೆಗಳನ್ನು ಮಾಡಿಸಿದ ಮೇಲೆ ಹಾಗೆನ್ನುತ್ತಿದ್ದಾರೋ ಮಾಡಿಸದೆಯೋ ಎಂಬುದನ್ನಾದರೂ ನೀವು ಕೇಳಬೇಕು.

ಊಟದ ವಿಷಯಕ್ಕೆ ಬರುತ್ತೇನೆ. ಅಲ್ಲಿ ಎರಡು ಇಲಾಖೆಗಳು ಮಾತಾಡಿಕೊಳ್ಳದಿರುವುದು ಬರೀ ಕಿರಿಕಿರಿಯಲ್ಲ, ಅಪಾಯ. ಕೆಲವು ಮಕ್ಕಳಲ್ಲಿ ನುಂಗಿದ್ದು ಶ್ವಾಸನಾಳಕ್ಕೆ ಇಳಿದರೂ ಕೆಮ್ಮು ಬರುವುದಿಲ್ಲ. ನೋಡುವವರಿಗೆ ಮಗು ಚೆನ್ನಾಗಿ ನುಂಗುತ್ತಿದೆ ಎಂದೇ ಕಾಣುತ್ತದೆ. ಎಕ್ಸ್‌ರೇ ವಿಡಿಯೊದಂಥ ಪರೀಕ್ಷೆಯಲ್ಲಿ ನುಂಗುವಿಕೆ ನೋಡಿದಾಗ ಮಾತ್ರ ತಿಳಿಯುತ್ತದೆ. ಶ್ವಾಸಕೋಶದ ವೈದ್ಯರು ಆ ಪರೀಕ್ಷೆ ಆಗುವವರೆಗೆ ನೀರಾದ ಏನನ್ನೂ ಬಾಯಿಂದ ಕೊಡಬೇಡಿ ಎಂದಿದ್ದರು. ಅದೇ ವಾರ ಫೀಡಿಂಗ್ ಥೆರಪಿಯಲ್ಲಿ, ದಿನಕ್ಕೆ ಇಷ್ಟಿಷ್ಟು ಬಾಯಿಂದ ಕೊಡದಿದ್ದರೆ ಮಗು ಟ್ಯೂಬಿಗೇ ಒಗ್ಗಿಹೋಗುತ್ತದೆ ಎಂದರು. ಇಬ್ಬರೂ ತಮ್ಮ ತಮ್ಮ ಶಾಸ್ತ್ರದಲ್ಲಿ ಸರಿ. ಚಮಚ ಕೈಯಲ್ಲಿ ಹಿಡಿದು ಆರಿಸಬೇಕಾದವಳು ಮಾತ್ರ ನಾನು. ಕೊಟ್ಟರೆ ನ್ಯುಮೋನಿಯಾದ ಹೆದರಿಕೆ, ಕೊಡದಿದ್ದರೆ ತಿನ್ನುವುದನ್ನು ಕಲಿಯುವ ವಯಸ್ಸು ಜಾರಿಹೋಗುವ ಹೆದರಿಕೆ. ಇಬ್ಬರು ಪರಿಣತರು ಐದು ನಿಮಿಷ ಫೋನಿನಲ್ಲಿ ಮಾತಾಡಿದ್ದರೆ ಮುಗಿಯುತ್ತಿದ್ದುದನ್ನು ವೈದ್ಯಕೀಯ ಓದದ ನನ್ನ ತಲೆಗೆ ಕಟ್ಟಿದಿರಿ.

ಬಾಯಿಯ ಹತ್ತಿರ ಏನು ತಂದರೂ ಅವಳು ಮುಖ ತಿರುಗಿಸುತ್ತಾಳೆ, ಓಕರಿಸುತ್ತಾಳೆ. ವರದಿಯಲ್ಲಿ ‘ಸಹಕಾರ ಕಡಿಮೆ’ ಎಂದು ಬರೆದರು. ಹುಟ್ಟಿದಾಗಿನಿಂದ ಆ ಮುಖದ ಹತ್ತಿರ ಬಂದದ್ದೇನು? ಉಸಿರಿನ ನಳಿಕೆ, ಹೊಟ್ಟೆಯ ನಳಿಕೆ, ಕಫ ಎಳೆಯುವ ಪೈಪು, ಕೆನ್ನೆಯ ಚರ್ಮ ಕಿತ್ತುಬರುವ ಅಂಟುಪಟ್ಟಿ. ಅವಳ ಪಾಲಿಗೆ ಗ್ಲೌಸ್ ತೊಟ್ಟ ಕೈ ಅಂದರೆ ನೋವು. ಮುಖ ತಿರುಗಿಸುವುದು ಅವಳಿಗಿರುವ ಒಂದೇ ರಕ್ಷಣೆ, ಬುದ್ಧಿವಂತಿಕೆಯೂ ಹೌದು. ಅದನ್ನು ಹಠ ಎಂದು ಬರೆದರೆ ಮುಂದಿನ ಥೆರಪಿಸ್ಟ್ ಹಠ ಬಿಡಿಸಲು ಹೊರಡುತ್ತಾರೆ.

ಹಾಗಲ್ಲದವರೂ ಸಿಕ್ಕಿದ್ದಾರೆ, ಅದನ್ನು ಬರೆಯದಿದ್ದರೆ ಅನ್ಯಾಯ. ಒಬ್ಬ ಫಿಸಿಯೋ ಮೊದಲ ಕೆಲವು ಸೆಷನ್ ಮಗುವನ್ನು ಮುಟ್ಟಲೇ ಇಲ್ಲ. ನನ್ನ ತೊಡೆಯ ಮೇಲೆ ಅವಳಿರುವಾಗ ನನ್ನ ಕೈಗಳಿಂದಲೇ ಮಾಡಿಸಿದರು. ಮಾಡಿಸುವಾಗ ಅವರ ಕಣ್ಣು ಕಾಲಿನ ಮೇಲಷ್ಟೇ ಅಲ್ಲ, ತುಟಿಯ ಸುತ್ತಲ ಬಣ್ಣದ ಮೇಲೆ, ಹೊಳ್ಳೆಗಳ ಮೇಲೆ, ಪಕ್ಕೆಲುಬುಗಳ ನಡುವೆ ಚರ್ಮ ಒಳಕ್ಕೆ ಎಳೆಯುತ್ತಿದೆಯೇ ಎಂಬುದರ ಮೇಲೆ ಇರುತ್ತಿತ್ತು. ಸಾಕು ಎನ್ನಿಸಿದರೆ ಅರ್ಧಕ್ಕೇ ನಿಲ್ಲಿಸಿ, ಇವತ್ತಿನ ಉಸಿರಿನ ಲೆಕ್ಕ ಮುಗಿಯಿತು ಎನ್ನುತ್ತಿದ್ದರು. ಶ್ವಾಸಕೋಶ ಕೆಟ್ಟ ಮಗುವಿಗೆ ಉಸಿರಾಡುವುದೇ ದುಡಿಮೆ. ತೂಕ ಏರುವುದಕ್ಕೆ ಉಳಿಯುವ ಶಕ್ತಿಯೇ ಅಲ್ಪ. ಅದನ್ನೂ ವ್ಯಾಯಾಮದಲ್ಲಿ ಕರಗಿಸಿದರೆ ಬೆಳೆಯುವುದು ಯಾವುದರಿಂದ? ಇದನ್ನು ಅವರು ಎಲ್ಲಿ ಕಲಿತರೆಂದು ಕೇಳಿದ್ದಕ್ಕೆ, ಹಿಂದೆ ಐಸಿಯುನಲ್ಲಿ ಕೆಲಸ ಮಾಡಿದ್ದೆ ಎಂದರು. ಅಂದರೆ ನಮ್ಮ ಅದೃಷ್ಟ. ಎಲ್ಲ ಥೆರಪಿಸ್ಟ್‌ಗಳಿಗೂ ಕಲಿಸಬಹುದಾದುದನ್ನು ನೀವು ಅದೃಷ್ಟಕ್ಕೆ ಬಿಟ್ಟಿದ್ದೀರಿ.

ಇನ್ನು ಮನೆಯಲ್ಲಿ ಮಾಡಿಸಬೇಕಾದ ಅಭ್ಯಾಸ. ಫಿಸಿಯೋ ಅರ್ಧ ಗಂಟೆ ಎನ್ನುತ್ತಾರೆ, ದಿನಕ್ಕೆ ಎರಡು ಬಾರಿ. ಆಕ್ಯುಪೇಶನಲ್ ಥೆರಪಿಯವರದು ಬೇರೆ ಅರ್ಧ ಗಂಟೆ. ಬಾಯಿಯ ಮಸಾಜ್ ಪ್ರತಿ ಫೀಡಿಗೆ ಮುಂಚೆ. ಚಿತ್ರ ತೋರಿಸಿ ಮಾತಾಡಿಸುವುದು ಇನ್ನೊಂದಿಷ್ಟು. ಪ್ರತಿಯೊಬ್ಬರೂ ಕೇಳುವುದು ಸ್ವಲ್ಪವೇ. ಒಟ್ಟು ಕೂಡಿಸುವವರು ಇಲ್ಲ. ನೆಬ್ಯುಲೈಸರ್ ಆದ ಮೇಲೆ ಫೀಡ್, ಫೀಡ್ ಆದ ಮೇಲೆ ವಾಂತಿಯಾಗದಂತೆ ಸ್ವಲ್ಪ ಹೊತ್ತು ಎತ್ತಿ ಹಿಡಿಯಬೇಕು, ಆಮೇಲೆ ನಿದ್ದೆ, ಎದ್ದರೆ ಮುಂದಿನ ನೆಬ್ಯುಲೈಸರ್. ಇದರ ನಡುವೆ ಮಗು ಎಚ್ಚರವಾಗಿ, ಹೊಟ್ಟೆ ಹಗುರವಾಗಿ, ಉಸಿರು ಸಲೀಸಾಗಿ ಇರುವ ಗಳಿಗೆ ಎಷ್ಟು ಸಿಗುತ್ತದೆ? ಸಿಕ್ಕಾಗ ಅವಳಿಗೆ ಆಡಬೇಕೆನ್ನಿಸುತ್ತದೆ. ಆಡುವುದೂ ಬೆಳವಣಿಗೆಯೇ ಎಂದು ನಿಮ್ಮ ಗೋಡೆಯ ಮೇಲಿನ ಭಿತ್ತಿಪತ್ರದಲ್ಲೇ ಬರೆದಿದೆ.

ನೊವಾಕ್ ಅವರದೇ 2009ರ ಇನ್ನೊಂದು ಅಧ್ಯಯನವಿದೆ, ಸೆರೆಬ್ರಲ್ ಪಾಲ್ಸಿ ಇರುವ ಶಾಲಾ ವಯಸ್ಸಿನ ಮಕ್ಕಳದು. ಕುಟುಂಬವೇ ಗುರಿ ಆರಿಸಿಕೊಂಡು ಮನೆಯಲ್ಲಿ ಅಭ್ಯಾಸ ಮಾಡಿಸಿದಾಗ 8 ವಾರದಲ್ಲಿ ಸುಧಾರಣೆ ಕಂಡಿತು. ಆ ಮನೆಗಳವರು ಮಾಡಿಸಿದ್ದು ತಿಂಗಳಿಗೆ ಸರಾಸರಿ 17 ಸಲದಷ್ಟು, ಒಂದು ಸಲಕ್ಕೆ 16 ನಿಮಿಷದಷ್ಟು. ನಮ್ಮ ಮಗು ಚಿಕ್ಕದು, ಅದೇ ಅಂಕಿಯನ್ನು ಇವಳಿಗೆ ಹೊಂದಿಸಿ ಎಂದು ನಾನು ಹೇಳುತ್ತಿಲ್ಲ. ಆದರೆ ನಿಜವಾದ ಮನೆಗಳಲ್ಲಿ ಎಷ್ಟು ಸಾಧ್ಯ, ಎಷ್ಟರಿಂದ ಫಲ ಸಿಗುತ್ತದೆ ಎಂಬುದಕ್ಕೆ ಅಲ್ಲೊಂದು ಅಂದಾಜಿದೆ. ದಿನಕ್ಕೆ ಮೂರು ತಾಸಿನ ಹೋಂವರ್ಕ್ ಕೊಟ್ಟು, ಮುಂದಿನ ಸಲ ಬಂದಾಗ “ಮನೇಲಿ ಮಾಡಿಸ್ತಿಲ್ಲ ಅನ್ಸುತ್ತೆ” ಎನ್ನುವವರು ಅದನ್ನೊಮ್ಮೆ ಓದಲಿ.

ನಿಮ್ಮ ಕಾಯುವ ಹಾಲಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಕೆಮ್ಮುವ ಮಕ್ಕಳು, ಬಾಯಿಂದ ಬಾಯಿಗೆ ಹೋಗುವ ಆಟಿಕೆಗಳು, ಒರೆಸದ ಮ್ಯಾಟು. ಥೆರಪಿಗೆ ಹೋಗಿ ಸೋಂಕು ತಂದು, ಸೋಂಕಿನಿಂದ ಆಸ್ಪತ್ರೆ ಸೇರಿ, ಆಸ್ಪತ್ರೆ ಸೇರಿದ್ದಕ್ಕೆ ಥೆರಪಿ ಕಳೆದುಕೊಳ್ಳುವುದು ಎಂಥ ಚಕ್ರ ಎಂದು ನೀವೇ ಯೋಚಿಸಿ.

ಈಗ ಕೋರಿಕೆಗಳು. ಮೊದಲನೆಯದೇ ಎಲ್ಲಕ್ಕಿಂತ ಮುಖ್ಯ: ಆಸ್ಪತ್ರೆಗೆ ದಾಖಲಾದ ದಿನಗಳನ್ನು, ಸೋಂಕಿನ ಕಾರಣಕ್ಕೆ ಮನೆಯಲ್ಲಿಡಿ ಎಂದು ವೈದ್ಯರು ಹೇಳಿದ ದಿನಗಳನ್ನು ಗೈರುಹಾಜರಿಯಿಂದ ಹೊರಗಿಡಿ. ಆ ದಿನಗಳ ಸ್ಲಾಟನ್ನು ಖಾಲಿ ಬಿಡಿ ಎಂದು ಕೇಳುತ್ತಿಲ್ಲ. ತಾತ್ಕಾಲಿಕವಾಗಿ ಇನ್ನೊಂದು ಮಗುವಿಗೆ ಕೊಡಿ, ಇದು ತಾತ್ಕಾಲಿಕ ಎಂದು ಅವರಿಗೂ ಹೇಳಿ. ಲಿಸ್ಟಿನಲ್ಲಿ ಕಾಯುವವರು ಕೆಲವು ವಾರ ಸಿಕ್ಕರೂ ಬೇಡ ಎನ್ನುವುದಿಲ್ಲ, ನಾನಂತೂ ಎನ್ನುತ್ತಿರಲಿಲ್ಲ. ಡಿಸ್ಚಾರ್ಜ್ ಆದ ಮಗುವಿಗೆ ಮೊದಲ ವಾರದಲ್ಲೇ ಒಂದು ಸೆಷನ್ ಸಿಗುವಂತೆ ಮಾಡಿ. ಬರಲಾಗದಿದ್ದಾಗ ವಿಡಿಯೊ ಮೂಲಕ ನೋಡಿ. 2020ರಲ್ಲಿ ಸಾಂಕ್ರಾಮಿಕ ಬಂದಾಗ ಥೆರಪಿಸ್ಟ್‌ಗಳು ಪರದೆಯ ಆಚೆಯಿಂದ ತಂದೆತಾಯಿಗಳ ಕೈಯಲ್ಲೇ ಮಾಡಿಸಿದರು. ಎಲ್ಲದಕ್ಕೂ ಅದು ಸರಿಹೋಗದು, ಆದರೆ ಸ್ಪ್ಲಿಂಟ್ ಹಿಡಿಸುತ್ತಿದೆಯೇ, ಕೂರಿಸುವ ಭಂಗಿ ಸರಿಯಿದೆಯೇ ಎಂದು ನೋಡುವುದಕ್ಕೆ ಧಾರಾಳವಾಗಿ ಸಾಕು. ಎಲ್ಲರಿಗೂ ಬೀಗ ಬಿದ್ದಾಗ ಆಗಿದ್ದು ನಮ್ಮ ಮಕ್ಕಳಿಗೆ ಮಾತ್ರ ಬೀಗ ಬಿದ್ದಾಗ ಯಾಕಾಗುವುದಿಲ್ಲ?

ಎರಡನೆಯದಾಗಿ, ಮಗುವಿಗೊಂದು ಹಾಳೆ, ಹಾಳೆಗೊಬ್ಬರು ಹೊಣೆಗಾರರು. ಸರಿಪಡಿಸಿದ ವಯಸ್ಸು, ಶ್ರಮದ ಹೊತ್ತಿನಲ್ಲಿ ಆಕ್ಸಿಜನ್ ಎಷ್ಟಕ್ಕಿಂತ ಕೆಳಗಿಳಿದರೆ ನಿಲ್ಲಿಸಬೇಕು, ಬಾಯಿಂದ ಏನು ಕೊಡಬಹುದು ಏನು ಕೂಡದು, ಯಾವ ಭಂಗಿ ನಿಷಿದ್ಧ, ಮನೆಯ ಅಭ್ಯಾಸ ಒಟ್ಟು ಎಷ್ಟು ನಿಮಿಷ. ವೈದ್ಯರೂ ಥೆರಪಿಸ್ಟರೂ ಅದರಲ್ಲೇ ಬರೆಯಲಿ. ಇಬ್ಬರ ಮಾತಿಗೆ ತಾಳೆಯಾಗದಿದ್ದರೆ ತಾಯಿಯ ಕೈಗೆ ಕೊಡುವ ಮುನ್ನ ಆ ಹೊಣೆಗಾರರು ಇಬ್ಬರನ್ನೂ ಮಾತಾಡಿಸಲಿ. ಗುರಿಗಳನ್ನು ಬರೆಯುವಾಗ ನಮ್ಮನ್ನೂ ಕೇಳಿ. ನಮ್ಮ ಮಗಳ ವರದಿಯಲ್ಲಿರುವ ಗುರಿ ‘ಆಧಾರದೊಂದಿಗೆ ನಿಲ್ಲುವುದು’. ಒಳ್ಳೆಯದೇ. ನನಗೆ ಅದಕ್ಕಿಂತ ಮೊದಲು ಬೇಕಾಗಿರುವುದು, ನೋವಾದಾಗ ಎಲ್ಲಿ ನೋಯುತ್ತಿದೆ ಎಂದು ಅವಳು ತೋರಿಸುವಂತಾಗುವುದು.

ಉಳಿದವು ಚಿಕ್ಕವು: ಫಾರ್ಮಿನಲ್ಲಿ ಸರಿಪಡಿಸಿದ ವಯಸ್ಸಿಗೆ ಒಂದು ಕಾಲಮ್, ಥೆರಪಿ ಕೋಣೆಯಲ್ಲಿ ಒಂದು ಪಲ್ಸ್ ಆಕ್ಸಿಮೀಟರ್, ಸೋಂಕಿಗೆ ಬೇಗ ತುತ್ತಾಗುವ ಮಕ್ಕಳಿಗೆ ಬೆಳಗ್ಗೆ ಹಾಲ್ ತುಂಬುವ ಮುನ್ನ ಮೊದಲ ಗಂಟೆ, ಐಸಿಯು ಅನುಭವವಿರುವ ಥೆರಪಿಸ್ಟರಿಂದ ಉಳಿದವರಿಗೆ ತರಬೇತಿ.

ಇವು ಉಪಕಾರದ ಬೇಡಿಕೆಗಳಲ್ಲ. ವಿಶ್ವಸಂಸ್ಥೆ 2006ರಲ್ಲಿ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 26ನೇ ವಿಧಿ, ಇಂಥ ಸೇವೆಗಳು ಸಾಧ್ಯವಾದಷ್ಟು ಬೇಗ ಶುರುವಾಗಬೇಕು, ಬೇರೆ ಬೇರೆ ಪರಿಣತರು ಕೂಡಿ ಮಾಡಿದ ಮೌಲ್ಯಮಾಪನದ ಮೇಲೆ ನಿಂತಿರಬೇಕು ಎನ್ನುತ್ತದೆ. ಬೇಗ ಶುರುಮಾಡಿ ಮಗು ಕಾಯಿಲೆ ಬಿದ್ದೊಡನೆ ಕೈಬಿಡಿ ಎಂದು ಅದರಲ್ಲಿ ಎಲ್ಲೂ ಬರೆದಿಲ್ಲ.

ಸಮಿತಿ, ಸಮಾಲೋಚನೆ ಎಂದು ಇದು ವರ್ಷಗಟ್ಟಲೆ ಹೋಗಬಾರದೆಂದು, ನಿಮ್ಮ ಹಾಜರಾತಿ ನಿಯಮದ ಕೊನೆಗೆ ಸೇರಿಸಬೇಕಾದ ವಾಕ್ಯವನ್ನು ನಾನೇ ಬರೆದುಕೊಡುತ್ತಿದ್ದೇನೆ: “ಮಗು ಆಸ್ಪತ್ರೆಗೆ ದಾಖಲಾಗಿದ್ದ ಅಥವಾ ವೈದ್ಯರ ಸಲಹೆಯಂತೆ ಮನೆಯಲ್ಲಿದ್ದ ದಿನಗಳನ್ನು ಗೈರುಹಾಜರಿ ಎಂದು ಪರಿಗಣಿಸತಕ್ಕದ್ದಲ್ಲ, ಮಗು ಮರಳಿದಾಗ ಅದೇ ಸ್ಲಾಟ್ ಅಥವಾ ಅದಕ್ಕೆ ಸಮನಾದ ಸ್ಲಾಟ್ ನೀಡತಕ್ಕದ್ದು.” ನಾವು ಹೋಗುತ್ತಿದ್ದ ಕೇಂದ್ರದ ಮುಖ್ಯಸ್ಥರಿಗೆ ಈ ಪತ್ರದ ಪ್ರತಿಯನ್ನು ಕಳಿಸಿದ್ದೇನೆ. ವಾಕ್ಯ ಒಪ್ಪಿಗೆಯಾದರೆ ಸೇರಿಸಿ. ಆಗದಿದ್ದರೆ ಯಾಕಾಗದು ಎಂಬುದನ್ನು ಸಹಿ ಹಾಕಿ, ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ವೇಟಿಂಗ್ ಲಿಸ್ಟಿನಲ್ಲಿರುವ ಮಗುವೊಂದರ ತಾಯಿ